ಉಣ್ಣಲೊಲ್ಲದ ಗೊಂಬೆ

ವಿಯೆನ್ನಾದಲ್ಲಿ ಮನೋವಿಶ್ಲೇಷಕರೂ ಕಂಪ್ಯೂಟರಿನವರೂ ಒಂದೇ ಮೇಜಿಗೆ ಕುಳಿತರೆ ಕಾಫಿಗಿಂತ ಮೊದಲು ಮುಖಗಳು ತಣ್ಣಗಾಗುತ್ತವೆ. ಆ ಮೇಜಿನ ತುದಿಯಲ್ಲಿ ವರ್ಷಗಟ್ಟಲೆ ಕುಳಿತು ಎರಡೂ ಕಡೆಗೆ ತಲೆಯಾಡಿಸಿದವನು ನಾನು. ಪ್ರೋಗ್ರಾಂ ಬರೆಯುವ ಕೆಲಸಕ್ಕೆ ಬೆನ್ನುಮೂಳೆ ಬೇಕಾಗುವುದಿಲ್ಲ.

ಮನೋವಿಶ್ಲೇಷಕರ ಬದಿಗೆ ಡಾಕ್ಟರ್ ಹೆರ್ಮಿನೆ ವೊಂಡ್ರಾಚೆಕ್. ರೋಗಿ ಮಲಗಲು ಒಂದು ಮಂಚ, ಅದರ ಹಿಂದೆ ತಮಗೊಂದು ಕುರ್ಚಿ ಇಟ್ಟುಕೊಂಡು ಊರವರ ಸಂಕಟ ಕೇಳುತ್ತಲೇ ತಲೆ ನರೆತವರು. ತಮ್ಮ ಶಾಸ್ತ್ರ ಹೇಳುವ ಮನಸ್ಸು ಯಂತ್ರದಲ್ಲಿ ನಡೆದೀತೇ ನೋಡಿಬಿಡೋಣ ಎಂದು ನಮ್ಮ ಪ್ರಯೋಗಾಲಯಕ್ಕೆ ಬಂದಿದ್ದರು. ಅವರ ಸಂಘದವರು ಅವರನ್ನು 'ಮೆಕ್ಯಾನಿಕ್' ಎಂದು ಆಡಿಕೊಳ್ಳುತ್ತಿದ್ದರು. ಅದೇ ಸಂಘದ ಮುಂದೆ ನಮ್ಮ ಪ್ರದರ್ಶನ ನಿಗದಿಯಾಗಿತ್ತು. ಅದು ಕೆಟ್ಟರೆ ಹೆರ್ಮಿನೆ ಮತ್ತೆ ಅಲ್ಲಿ ತಲೆಯೆತ್ತುವಂತಿರಲಿಲ್ಲ.

ಕಂಪ್ಯೂಟರ್ ಪರದೆಯ ಮೇಲೆ ನಾವು ಮಾಡಿದ ಗೊಂಬೆಯೊಳಗೆ ಮೂರು ಭಾಗ: ಬೇಕು ಎನ್ನುವುದೊಂದು, ಕೂಡದು ಎಂದು ಗದರುವುದೊಂದು, ನಡುವೆ ಸಿಕ್ಕಿ ಒದ್ದಾಡುವ 'ನಾನು'. ಎದುರಿಗೆ ಊಟದ ತಟ್ಟೆ, ಪಕ್ಕದಲ್ಲಿ ಇನ್ನೊಂದು ಗೊಂಬೆ. ಪ್ರದರ್ಶನದ ಹಿಂದಿನ ವಾರ ಹಸಿದ ಗೊಂಬೆ ತಟ್ಟೆಯವರೆಗೆ ಹೋಗಿ, ಪಕ್ಕದವನನ್ನು ನೋಡಿ, ಗೋಡೆಗೆ ಮುಖಮಾಡಿ ನಿಂತುಬಿಟ್ಟಿತು.

"ಎಲ್ಲೋ ದೋಷ ಇದೆ," ಎಂದರು ನಮ್ಮ ಮುಖ್ಯಸ್ಥ ಲೈಟ್‌ನರ್.

"ದೋಷ ಅಲ್ಲ, ಹೆರ್ ಇಂಜಿನಿಯರ್," ಎಂದರು ಹೆರ್ಮಿನೆ. " ಇನ್ನೊಬ್ರ ಮುಂದೆ ಕೈ ಚಾಚೋಕೆ ನಾಚ್ಕೋತಿದೆ. ಇವತ್ತೇ ಮೊದಲ್ನೇ ಸಲ ಅದು ಮನುಷ್ಯನ ಥರ ಇರೋದು."

"ಫ್ರಾವ್ ಡಾಕ್ಟರ್, ನಿಮ್ಮ ಮಂಚದ ಮೇಲೆ ಮಲಗ್ಸೋಕೆ ಇದಕ್ಕೆ ಬೆನ್ನಿಲ್ಲ. ಉಣ್ಣದ ಗೊಂಬೆ ತೋರ್ಸಿದ್ರೆ ಜನ ನಗ್ತಾರೆ."

"ಯಾರು ನಗ್ತಾರೆ ಅಂತ ಭಯ ನಿಮ್ಗೆ?"

"ನೋಡಿ, ಒಂದು ಮಾತಿಗೆ ನೆಟ್ಟಗೆ ಉತ್ತರ ಕೊಡೋ ಅಭ್ಯಾಸಾನೇ ಇಲ್ಲ ನಿಮ್ಮವರಿಗೆ."

ಇಬ್ಬರೂ ನನ್ನತ್ತ ತಿರುಗಿದರು. ನಾನು ಕಾಫಿಯೊಳಗೆ ಇಣುಕಿದೆ.

ಪ್ರದರ್ಶನದ ಸಂಜೆ ಗೊಂಬೆ ಸರಸರನೆ ಹೋಗಿ ಉಂಡಿತು. ಪಕ್ಕದವನ ಪಾಲನ್ನೂ ಉಂಡಿತು.

"ಹೆರ್ಮಿನೆ, ನಿಮ್ಮ ಮೆಕ್ಯಾನಿಕ್‌ಗಳು ನಾಯಿ ಸಾಕಿದಾರೆ," ಎಂದರು ಸಂಘದ ಹಿರಿಯರು. "ಹೊಟ್ಟೆ ಚೆನ್ನಾಗಿದೆ." ಸಭೆ ನಕ್ಕಿತು.

ಹೆರ್ಮಿನೆ ಲೈಟ್‌ನರ್ ಕಡೆ ತಿರುಗಿದರು. "ಗದರೋ ಭಾಗಾನ ತಗ್ಗಿಸಿದ್ದು ಯಾಕೆ?"

ಅವರು ಪರದೆಯತ್ತ ನೋಡಿದರು. ಹೆರ್ಮಿನೆ ಮತ್ತೆ ಕೇಳಲಿಲ್ಲ, ಸುಮ್ಮನೆ ಕಾದರು. ನಗು ನಿಂತು ಸಭೆಯೂ ಕಾಯತೊಡಗಿತು. ಸುಮ್ಮನಿದ್ದೇ ಅನ್ನ ಸಂಪಾದಿಸಿದ ಜನ ಅದು. ನಮ್ಮವರಿಗೆ ಅದರ ರೂಢಿಯಿಲ್ಲ. ಲೈಟ್‌ನರ್ ಕತ್ತುಪಟ್ಟಿ ಸಡಿಲಿಸಿದರು.

"ಇಷ್ಟು ಜನ ನೋಡ್ತಾರೆ... ಹಾಗೆ ನಿಂತ್ಬಿಟ್ರೆ... ನಾಚ್ಕೆ ಆಯ್ತು ನನಗೆ."

"ತಗ್ಗಿಸೋಕೆ ಮುಂಚಿನ ಹಳೇ ಗೊಂಬೆ ಊಟ ಮುಟ್ಟದೆ ಗೋಡೆ ಕಡೆ ತಿರುಗಿ ನಿಂತಿತ್ತು. ಅದಕ್ಕೂ ಆಗಿದ್ದು ಇದೇ," ಎಂದು ಹೆರ್ಮಿನೆ ಸಂಘದವರಿಗೆ ಹೇಳಿದರು. "ನಾನು ತೋರಿಸ್ಬೇಕಿದ್ದದ್ದು ಇಷ್ಟೇ."

ಮರುದಿನ ಹಳೆಯ ಗೊಂಬೆಯನ್ನು ನೋಡಲು ಹಿರಿಯರೇ ನಮ್ಮಲ್ಲಿಗೆ ಬಂದರು. 'ಮೆಕ್ಯಾನಿಕ್' ಎನ್ನಲಿಲ್ಲ. ಲೈಟ್‌ನರ್ ಮಾತ್ರ ಅಂದಿನಿಂದ ಲಿಫ್ಟಿನಲ್ಲಿ ಹೆರ್ಮಿನೆಗೆ ನಮಸ್ಕಾರ ಹೇಳುವುದನ್ನು ಬಿಟ್ಟಿದ್ದಾರೆ. ಈ ಊರಿನಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ನಾನು ಇಬ್ಬರಿಗೂ ನಮಸ್ಕಾರ ಹೇಳುತ್ತೇನೆ, ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ಕೇಳಿಸದಷ್ಟು ಮೆಲ್ಲಗೆ.