ಹಳದಿ ಅಕ್ಕ ಅಳಿಸದೆ ಬಿಟ್ಟ ಸಾಲು

ಬೀದಿದೀಪಗಳು ಇನ್ನೂ ಆರಿಲ್ಲ. ಕಾವಲುಗಾರ ಗೇಟಿನ ಬೀಗ ತೆಗೆಯುವಷ್ಟರಲ್ಲಿ ಅವರು ಬಂದು ನಿಂತಿದ್ದಾರೆ. ಮೊದಲ ಮಹಡಿಯ ಮೂಲೆಯಲ್ಲಿ ಅವರ ಮೇಜು, ಅಲುಗಾಡದಂತೆ ಕಾಲಿನಡಿ ರಟ್ಟು ಮಡಚಿಟ್ಟ ಕುರ್ಚಿ. ಕನ್ನಡಕ ಒರೆಸಿ ಕಂಪ್ಯೂಟರ್ ತೆರೆಯುತ್ತಾರೆ. ಎಂಜಿನಿಯರುಗಳು ಬರೆದ ಕೋಡನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್, ಆ ಕೆಲಸ ಮುಗಿಸಿ ತನ್ನ ತಕರಾರುಗಳನ್ನೆಲ್ಲ ಹಳದಿ ಅಕ್ಷರದಲ್ಲಿ ಹಾಕಿಟ್ಟಿದೆ. ಅವನ್ನು ಓದುವುದು ಇವರ ಉದ್ಯೋಗ. ಅದಕ್ಕೇ ಆಫೀಸಿನಲ್ಲಿ ಎಲ್ಲರಿಗೂ ಇವರು ಹಳದಿ ಅಕ್ಕ.

ಇಲ್ಲಿ ತಯಾರಾಗುವುದು ಹಸುಗೂಸುಗಳನ್ನು ಬೆಚ್ಚಗಿಡುವ ವಾರ್ಮರ್. ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳು ಅದರಲ್ಲಿ ಮಲಗುತ್ತವೆ. ಮೈಗೆ ಅಂಟಿಸಿದ ಪುಟ್ಟ ಸೆನ್ಸರ್ ಹೇಳಿದ ಮಾತು ನಂಬಿ ಯಂತ್ರ ಕಾವು ಏರಿಸುತ್ತದೆ, ಇಳಿಸುತ್ತದೆ. ಅಕ್ಕನ ಬಗ್ಗೆ ಬರೆಯಲೆಂದು ನಾನು ಹೋದ ದಿನ ಕೆಲವು ವಾರ್ಮರ್‌ಗಳು ಊರಿನ ಹೆರಿಗೆ ಆಸ್ಪತ್ರೆಗೆ ಹೊರಡಬೇಕು. ವ್ಯಾನ್ ಕೆಳಗೆ ಬಂದು ನಿಂತಿದೆ. ಮೇಲೆ ಪರದೆಯಲ್ಲಿ ಉಳಿದಿರುವುದು ಒಂದೇ ಹಳದಿ ಸಾಲು: 'ತಿದ್ದಿದ ತಾಪ' ಎಂಬ ವೇರಿಯೇಬಲ್‌ನಲ್ಲಿ ಲೆಕ್ಕ ಹಾಕಿ ಇಟ್ಟಿದ್ದೀರಿ, ಎಲ್ಲೂ ಬಳಸಿಲ್ಲ.

ನನಗೆ ತಲೆಬುಡ ತಿಳಿಯಲಿಲ್ಲ ಎಂಬುದು ಮುಖದಲ್ಲೇ ಕಂಡಿರಬೇಕು. ಅಕ್ಕ ಕುರ್ಚಿ ತಿರುಗಿಸುತ್ತಾರೆ. "ವೇರಿಯೇಬಲ್ ಅಂದ್ರೆ ಹೆಸರು ಬರೆದ ಡಬ್ಬಿ ಅಂದ್ಕೊಳ್ಳಿ. ಡಬ್ಬಿ ಇಟ್ಟಿದ್ದಾರೆ, ಒಳಗೆ ತುಂಬಿದ್ದಾರೆ, ಆಮೇಲೆ ಯಾರೂ ಮುಚ್ಚಳ ತೆಗೆದೇ ಇಲ್ಲ. ಬೇಡ ಅಂತ ಬಿಟ್ರೋ, ಮರೆತುಬಿಟ್ರೋ ಅನ್ನೋದು ಕಂಪೈಲರ್‌ಗೆ ಗೊತ್ತಾಗಲ್ಲ. ತಪ್ಪು ದೊಡ್ಡದಾದ್ರೆ ಅದು ಹಟ ಮಾಡಿ ನಿಂತುಬಿಡುತ್ತೆ. ಇಂಥದ್ದಕ್ಕೆ ಒಂದು ಮಾತು ಹೇಳಿ ಸುಮ್ಮನಾಗುತ್ತೆ, ಅಷ್ಟೇ."

ಅದೇ ತೊಂದರೆ. ಒಂದು ಮಾತು ಹೇಳಿ ಸುಮ್ಮನಾಗುವವರನ್ನು ಯಾರು ತಾನೇ ಕಿವಿಗೆ ಹಾಕಿಕೊಳ್ಳುತ್ತಾರೆ? ದಿನಕ್ಕೆ ನಲವತ್ತೋ ಐವತ್ತೋ ಹಳದಿ ಸಾಲು ಬರುತ್ತವೆ, ಬಹುಪಾಲು ಬರೀ ಕಸ. ಯಾರೋ ಬರೆದು ಬಿಟ್ಟದ್ದು, ಇನ್ಯಾರೋ ಅರ್ಧಕ್ಕೆ ಕೈಬಿಟ್ಟದ್ದು. ಕಸದ ನಡುವೆ ಒಂದು ಕಿವಿಯೋಲೆ ಬಿದ್ದಿದ್ದರೂ ಇರಬಹುದು ಎಂದು ಪ್ರತಿಯೊಂದನ್ನೂ ಕೆದಕುವವರು ಈ ಕಟ್ಟಡದಲ್ಲಿ ಇವರೊಬ್ಬರೇ.

ಅಕ್ಕ ಕಂಪ್ಯೂಟರ್ ವಿಜ್ಞಾನ ಓದಿದವರು, ಇದೇ ಕಂಪನಿಯಲ್ಲಿ ಕೋಡ್ ಬರೆಯುತ್ತಿದ್ದವರು. ಮಗಳು ಹುಟ್ಟಿದ ಮೇಲೆ ಕೆಲಸ ಬಿಟ್ಟು, ಅವಳು ಹೈಸ್ಕೂಲಿಗೆ ಬಂದಾಗ ಮರಳಿದರು. ಅಷ್ಟರಲ್ಲಿ ಅವರ ಕೈಕೆಳಗೆ ಕಲಿತವರು ಮೇಲಧಿಕಾರಿಗಳಾಗಿದ್ದರು. ಯಾರೂ ಬೇಡವೆಂದ ಕೆಲಸ ಇವರ ಪಾಲಿಗೆ ಬಂತು. ಮನೆಯಲ್ಲಿ ಅತ್ತೆ ನಗುತ್ತಾರೆ: "ತಪ್ಪು ಹುಡುಕೋದು ಅತ್ತೆ ಕೆಲಸ. ನಾನು ಪುಕ್ಕಟೆ ಮಾಡ್ತಿದ್ದೆ, ಇವಳಿಗೆ ಅದಕ್ಕೇ ಸಂಬಳ ಕೊಡ್ತಾರೆ ನೋಡಿ." ಸೊಸೆಯ ಸುದ್ದಿ ಎತ್ತಿದರೆ ಸಾಕು, ಅವರ ಮುಖ ಅರಳುತ್ತದೆ.

ಮರಳಿದ ಹೊಸದರಲ್ಲಿ ಅಕ್ಕನೂ ಎಡವಿದ್ದಾರೆ. ಬಳಸದ ಒಂದು ವೇರಿಯೇಬಲ್ ಕಂಡಿತು, ಅಳಿಸಿಬಿಟ್ಟರು. "ಹಳದಿ ಹೋಯ್ತು, ನನಗೆ ಖುಷಿಯೋ ಖುಷಿ. ಆದ್ರೆ ಕಾವು ಹೆಚ್ಚಾದಾಗ ಅಲಾರಂ ಬಡ್ಕೊಳ್ಳೋಕೆ ಅಂತ ಇಟ್ಟಿದ್ದ ಅಂಕೆ ಅದು. ಬಳಸಬೇಕಾಗಿತ್ತು, ಬರೆದವರು ಮರೆತಿದ್ರು. ನಾನು ಅದನ್ನ ಹೇಳೋ ಬಾಯನ್ನೇ ಮುಚ್ಚಿಸಿಬಿಟ್ಟೆ." ಪುಣ್ಯಕ್ಕೆ ಯಂತ್ರ ಇನ್ನೂ ಪರೀಕ್ಷೆಯ ಮೇಜಿನ ಮೇಲಿತ್ತು. ಅಲಾರಂ ಏಕೆ ಕೂಗುತ್ತಿಲ್ಲ ಎಂದು ಹುಡುಕಿ ಹುಡುಕಿ ಎಲ್ಲರೂ ಹೈರಾಣಾದರು. ಅಂದಿನಿಂದ ಕಾರಣ ತಿಳಿಯದೆ ಅವರು ಒಂದು ಸಾಲನ್ನೂ ಅಳಿಸುವುದಿಲ್ಲ.

ಕೋಡ್ ಬರೆದ ತರುಣ ಎಂಜಿನಿಯರ್ ಮೆಟ್ಟಿಲು ಹತ್ತಿ ಬರುತ್ತಾನೆ. "ಅಕ್ಕ, ಅದೊಂದನ್ನ ಅಳಿಸಿಬಿಡಿ, ಸರಿಹೋಗುತ್ತೆ. ಪರೀಕ್ಷೆಯೆಲ್ಲ ಪಾಸಾಗಿದೆ. ವ್ಯಾನಿನವರು ಕಾಯ್ತಿದ್ದಾರೆ."

"ಸರಿಹೋಗಲ್ಲಪ್ಪ, ಸುಮ್ಮನಾಗುತ್ತೆ. ಕೂತ್ಕೋ, ನೋಡೋಣ."

ಇಬ್ಬರೂ ಕೋಡ್ ಬಗೆಯುತ್ತಾರೆ. ಪ್ರತಿ ಸೆನ್ಸರೂ ತುಸು ಹೆಚ್ಚೋ ಕಡಿಮೆಯೋ ತೋರಿಸುತ್ತದೆ, ಅದನ್ನು ಸರಿಪಡಿಸಿದ ಅಂಕೆಯೇ 'ತಿದ್ದಿದ ತಾಪ'. ಕಳೆದ ವಾರ ಅಂಕೆ ಪರದೆಯ ಮೇಲೆ ಬೇಗ ಮೂಡಲಿ ಎಂದು ಹುಡುಗ ಒಂದು ಸಾಲು ಬದಲಿಸಿದ್ದಾನೆ. ಆಗಿನಿಂದ ಯಂತ್ರ ಕೇಳುತ್ತಿರುವುದು ತಿದ್ದದ ಅಂಕೆಯನ್ನು. ಪರೀಕ್ಷೆಗೆ ಇಟ್ಟುಕೊಂಡ ಸೆನ್ಸರ್ ತಿದ್ದುಪಡಿಯೇ ಬೇಡದಷ್ಟು ಒಳ್ಳೆಯದು, ಹಾಗಾಗಿ ಅಲ್ಲಿ ಎಲ್ಲ ಪಾಸು.

ಅಕ್ಕ ಕೆಳಗಿಳಿದು, ಆಸ್ಪತ್ರೆಗೆ ಹೊರಟಿದ್ದ ಸೆನ್ಸರೊಂದನ್ನು ಯಂತ್ರಕ್ಕೆ ಜೋಡಿಸಿ ಬೆಚ್ಚಗಿನ ನೀರಿನ ಲೋಟಕ್ಕೆ ಇಳಿಬಿಡುತ್ತಾರೆ, ಪಕ್ಕದಲ್ಲೇ ಥರ್ಮಾಮೀಟರ್. ಥರ್ಮಾಮೀಟರ್ ಮೂವತ್ತೇಳು ಡಿಗ್ರಿ ದಾಟಿದೆ, ಯಂತ್ರದ ಪರದೆ ಮೂವತ್ತಾರು ಎನ್ನುತ್ತಿದೆ. ಮಗುವಿನ ಮೈ ಸಾಕಷ್ಟು ಬೆಚ್ಚಗಾದ ಮೇಲೂ ಈ ಯಂತ್ರ ಇನ್ನೂ ಸಾಲದು ಎಂದು ಕಾಯಿಸುತ್ತಲೇ ಇರುತ್ತಿತ್ತು.

"ನನ್ನದೇ ತಪ್ಪು ಅಕ್ಕ," ಹುಡುಗನ ದನಿ ಉಡುಗಿದೆ. "ಆಗುತ್ತೆ ಕಣಪ್ಪ, ನಂದೂ ಆಗಿತ್ತು. ಈಗ ಆ ಡಬ್ಬಿ ಮುಚ್ಚಳ ತೆಗಿ."

ಮಾಲೀಕರು ಫೋನಿನಲ್ಲಿ ಗೊಣಗುತ್ತಾರೆ: "ಇವತ್ತೇ ಬರುತ್ತೆ ಅಂತ ಆಸ್ಪತ್ರೆಯವರಿಗೆ ಮಾತು ಕೊಟ್ಟಿದ್ದೀನಲ್ಲಮ್ಮ." ಅಕ್ಕನ ದನಿ ಏರುವುದಿಲ್ಲ. "ನಾಳೆ ಅಂತ ಇನ್ನೊಂದ್ಸಲ ಹೇಳಿ ಸರ್. ಇವತ್ತು ಮಾತ್ರ ಕಳಿಸೋಕಾಗಲ್ಲ." ವ್ಯಾನ್ ಖಾಲಿ ಹೋಗುತ್ತದೆ. ಅವರನ್ನು ನೋಡಿ ನನಗಾದ ಹೆಮ್ಮೆಯನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಮಾರನೆಯ ದಿನ ತಿದ್ದಿದ ಯಂತ್ರಗಳು ಹೊರಡುತ್ತವೆ. ನಿಮ್ಮ ಆಸೆ ಏನು ಎಂದು ಕೇಳಿದರೆ ಅಕ್ಕ ನಾಚಿಕೊಳ್ಳುತ್ತಾರೆ. "ಇಷ್ಟು ವರ್ಷ ನಮ್ಮ ವಾರ್ಮರಲ್ಲಿ ಗೊಂಬೆ ಮಲಗಿಸಿದ್ದೇ ನೋಡಿರೋದು. ಒಂದ್ಸಲ ಮಗು ಮಲಗಿರೋದು ನೋಡ್ಬೇಕು."

ವಾರದ ಬಳಿಕ ಆಸ್ಪತ್ರೆಯವರ ಒಪ್ಪಿಗೆ ಪಡೆದು ಇಬ್ಬರೂ ಹೋಗುತ್ತೇವೆ. ಗಾಜಿನಾಚೆ ಹಿಡಿಯಷ್ಟು ಮಗು, ಕಣ್ಣಿಗಿಳಿದ ಟೋಪಿ, ಗಾಢ ನಿದ್ದೆ. ಅಕ್ಕನ ಕಣ್ಣು ಮೊದಲು ಹೋಗುವುದು ಪರದೆಯ ಅಂಕೆಗೆ. ಬಹಳ ಹೊತ್ತು ಅದನ್ನೇ ನೋಡುತ್ತಾರೆ, ಆಮೇಲೆ ಮಗುವನ್ನು. ಒಳಗಿನಿಂದ ಬಂದ ನರ್ಸ್ ನಿಂತು ಕೇಳುತ್ತಾರೆ, "ನೀವು ಮಗು ಕಡೆಯವರಾ?"

ಅಕ್ಕ ಸೆರಗು ಸರಿಮಾಡಿಕೊಳ್ಳುತ್ತಾರೆ.

"ಹೌದು ಸಿಸ್ಟರ್. ಸ್ವಲ್ಪ ದೂರದ ಸಂಬಂಧ."