ಶಾಲೆಯ ಮೊಟ್ಟೆಗೆ ಜಗಳದ ಕೋಳಿ

ಗೌನಿಪಲ್ಲಿಯ ಮುನಿಕೃಷ್ಣಪ್ಪನಿಗೆ ಕೋಳಿಯ ವಿಷಯದಲ್ಲಿ ಗೊತ್ತಿಲ್ಲದ್ದು ಯಾವುದೂ ಇಲ್ಲ, ಮೊಟ್ಟೆಯೊಂದನ್ನು ಬಿಟ್ಟರೆ. ವಯಸ್ಸಿನಲ್ಲಿ ಹುಂಜವನ್ನು ಕಂಕುಳಲ್ಲಿ ಇರುಕಿಕೊಂಡು ಗಡಿಯಾಚೆಯ ಊರುಗಳಿಗೆಲ್ಲ ಕೋಳಿ ಜಗಳಕ್ಕೆ ಹೋದವನು. ಕೆಂಪಗಿದ್ದರೆ ಡೇಗ, ಕಪ್ಪಗಿದ್ದರೆ ಕಾಕಿ, ಯಾವ ವಾರ ಯಾವ ಬಣ್ಣಕ್ಕೆ ಗೆಲುವು ಎಂಬುದೆಲ್ಲ ಅವನ ನಾಲಿಗೆಯ ತುದಿಯಲ್ಲಿತ್ತು. ಅವನ ಹುಂಜ ಎಷ್ಟು ಸಲ ಗೆದ್ದಿತ್ತು ಎಂದು ಕೇಳಿದರೆ ಮಾತ್ರ ಕೆಮ್ಮು ಬರುತ್ತಿತ್ತು.

ಹೆಂಡತಿ ಆದಿಲಕ್ಷ್ಮಮ್ಮ ಮದುವೆಯಾದಾಗಿನಿಂದ ಆ ಕೆಮ್ಮು ಕೇಳಿದವಳು. ಬೇಸಿಗೆ ರಜೆಗೆ ಮುಂಚೆ ಶಾಲೆಯ ಸುನಂದ ಮೇಡಂ ಅವಳನ್ನು ಕರೆದು, ಮಕ್ಕಳ ಊಟಕ್ಕೆ ನೀವೇ ಮೊಟ್ಟೆ ಕೊಡಿ, ಶಾಲೆ ತೆರೆಯುವ ದಿನ ಮೊಟ್ಟೆ ಬರದಿದ್ದರೆ ಶ್ರೀನಿವಾಸಪುರದ ಅಂಗಡಿಗೆ ಹೇಳಿಬಿಡುತ್ತೇನೆ ಎಂದಿದ್ದರು. ಅವಳ ಹೆಸರು ಹಿಡಿದು ಯಾರಾದರೂ ಕೆಲಸ ಒಪ್ಪಿಸಿದ್ದು ಅದೇ ಮೊದಲು. ಸ್ವರ್ಣಧಾರಾ ತಳಿಯ ಹ್ಯಾಟೆಕೋಳಿ ತರೋಣ, ಹಿತ್ತಲಲ್ಲೇ ಮೇಯುತ್ತವೆ, ಕೈತುಂಬ ಮೊಟ್ಟೆ ಇಡುತ್ತವೆ ಎಂದಳು.

"ಲೇ, ಕೋಳಿ ಆರ್ಸೋದು ಹೆಂಗಸ್ರ ಕೆಲ್ಸ ಅಲ್ಲ ಕಣೇ," ಎಂದು ಮುನಿಕೃಷ್ಣಪ್ಪ ತಾನೇ ಸಂತೆಗೆ ಹೊರಟ.

ಸಂಜೆ ಕುಕ್ಕೆ ತುಂಬ ಹ್ಯಾಟೆಗಳನ್ನೇ ತಂದ. ಉದ್ದ ಕಾಲು, ಸೆಟೆದ ಕತ್ತು, ಕೆಂಡದಂಥ ಕಣ್ಣು. ಆದರೆ ಜಗಳದ ಹುಂಜಗಳು ಹುಟ್ಟುವ ವಂಶ!

"ಇವು ಮೊಟ್ಟೆ ಇಡ್ತಾವಾ?"

"ಆ ಎದೆ ನೋಡೇ, ನಿಲುವು ನೋಡು! ವಾರ, ಬಣ್ಣ ಎಲ್ಲಾ ನೋಡಿ ತಂದಿದ್ದೀನಿ."

"ಶಾಲೆ ಮಕ್ಳು ಬಣ್ಣ ತಿಂತಾರೇನಯ್ಯಾ?"

ಕೋಳಿಗಳು ರಾಗಿ ತಿಂದವು, ಬೀದಿ ನಾಯಿಯನ್ನು ಅಟ್ಟಿದವು, ಒಂದರ ತಲೆ ಒಂದು ಕುಕ್ಕಿದವು. ಬೆರಳೆಣಿಕೆಯಷ್ಟು ಮೊಟ್ಟೆ ಇಟ್ಟು, ಲೊಕ್ ಲೊಕ್ ಎನ್ನುತ್ತ ಕಾವಿಗೆ ಕೂತುಬಿಟ್ಟವು. ತೆಗೆಯಲು ಹೋದವಳ ಕೈಯಲ್ಲಿ ರಕ್ತ. "ಪೌರುಷ ನೋಡು!" ಎಂದು ಗಂಡ ಹಿಗ್ಗಿದ.

"ಏನಣ್ಣಾ," ಎಂದ ಟೀ ಅಂಗಡಿಯ ಕದಿರೇಶ, "ಶಾಲೆಗೆ ಮೊಟ್ಟೆ ಕಳಿಸ್ತೀಯೋ, ಕೋಳಿನೇ ಡ್ರಿಲ್ ಮೇಷ್ಟ್ರಾಗಿ ಕಳಿಸ್ತೀಯೋ?"

ಶಾಲೆ ತೆರೆಯುವ ದಿನ ಹತ್ತಿರ ಬಂತು. ಆದಿಲಕ್ಷ್ಮಮ್ಮ ಗಂಡನಿಗೆ ಹೇಳದೆ ಕೋಲಾರದ ಬಸ್ಸು ಹತ್ತಿ, ಇನ್ನೇನು ಮೊಟ್ಟೆ ಇಡಲಿದ್ದ ಸ್ವರ್ಣಧಾರಾ ಹ್ಯಾಟೆಗಳನ್ನೂ ಒಂದು ಹುಂಜವನ್ನೂ ತಂದಳು. ಮಾವಿನ ಮರದ ನೆರಳಿಗೆ ಬಲೆ ಕಟ್ಟಿ ಜಗಳಗಂಟಿಗಳಿಂದ ಬೇರೆ ಇಟ್ಟಳು. ಮೇವಿಗೆ ಚಿಪ್ಪಿನ ಪುಡಿ ಬೆರೆಸಿದಳು, ಮೊಟ್ಟೆ ಇಡಲು ಕತ್ತಲ ಮೂಲೆಯಲ್ಲಿ ಹುಲ್ಲು ಹಾಸಿದಳು.

"ಥೂ, ಮದುವೆಗೆ ಬಂದ ನೆಂಟ್ರಂಗೆ ತಿಂದ್ಕೊಂಡು ಓಡಾಡ್ತಾವೆ. ಒಂದಕ್ಕೂ ರೋಷ ಇಲ್ಲ," ಎಂದು ಮುನಿಕೃಷ್ಣಪ್ಪ ಮೂಗು ಮುರಿದ.

"ರೋಷ ನಿನ್ನತ್ರ ಬೇಕಾದಷ್ಟಿದೆ. ನಂಗೆ ಮೊಟ್ಟೆ ಬೇಕು."

ಶಾಲೆ ತೆರೆದ ದಿನ ಮೊಟ್ಟೆಯ ಟ್ರೇ ಹೊತ್ತು ಅವಳೇ ಹೋದಳು. ಶ್ರೀನಿವಾಸಪುರಕ್ಕೆ ಹೇಳುವ ಮಾತನ್ನು ಮೇಡಂ ಮತ್ತೆ ಎತ್ತಲಿಲ್ಲ.

ಆದರೆ ಟೀ ಅಂಗಡಿಯಲ್ಲಿ ಮುನಿಕೃಷ್ಣಪ್ಪ, "ನನ್ನ ಜಾತಿ ಕೋಳಿ ಭಯಕ್ಕೇ ಅವು ಇಡ್ತಿರೋದು," ಎನ್ನುತ್ತಿದ್ದುದು ಅವಳ ಕಿವಿಗೆ ಬಿತ್ತು. ಅವಳು ಜಗಳಕ್ಕೆ ಹೋಗಲಿಲ್ಲ. ಸ್ವರ್ಣಧಾರಾ ಕೋಳಿ ಇಡುವುದರಲ್ಲಿ ಗಟ್ಟಿ, ಕಾವಿಗೆ ಕೂರುವುದಿಲ್ಲ. ಅದರ ಮೊಟ್ಟೆಗಳನ್ನು ತಂದು ಕಾವಿಗೆ ಕೂತಿದ್ದ ಗಂಡನ ಕೋಳಿಯ ಹೊಟ್ಟೆಯಡಿ ಸರಿಸಿದಳು.

ಮರಿಯಾದವು. ಮುನಿಕೃಷ್ಣಪ್ಪ ಬಂದವರಿಗೆಲ್ಲ ತೋರಿಸುತ್ತ ಮೀಸೆ ತಿರುವಿದ: "ನೋಡ್ರೋ, ನನ್ನ ಕೋಳಿ ಮರಿ!"

ಆದಿಲಕ್ಷ್ಮಮ್ಮ ನುಚ್ಚು ಎರಚುತ್ತ ಹೇಳಿದಳು: "ನಿನ್ನ ಕೋಳಿಗೂ ನಿನ್ನ ಬುದ್ಧಿನೇ ಕಣಯ್ಯಾ. ಇಡೋರು ಇಡ್ತಾರೆ, ಅದು ಮೇಲೆ ಕೂತ್ಕೊಂಡು ಗುರುಗುಟ್ಟುತ್ತೆ."