ಮೂರನೇ ಪಂಪಿನ ನಾಡಿ

ಕಿವಿಯಕ್ಕ ಮಂಗಳವಾರ ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಹೃದಯ ನಿಂತು ತೀರಿಕೊಂಡಳು. ಪಂಪ್‌ಹೌಸಿನ ಪರದೆಯ ಮೇಲೆ ಮಾತ್ರ ಗುರುವಾರ ಮಧ್ಯಾಹ್ನದವರೆಗೂ ಕೆಲಸ ಮಾಡುತ್ತಲೇ ಇದ್ದಳು.

ಸುದ್ದಿ ತಿಳಿಸಲು ತಂಗಿ ಕಚೇರಿಗೆ ಫೋನ್ ಮಾಡಿದಳು. ಹಾಜರಿ ಗುಮಾಸ್ತ ಪರದೆ ನೋಡಿ, "ಇಲ್ಲೇ ಇದ್ದಾರಲ್ಲಮ್ಮ, ಮೂರನೇ ಪಂಪಿನ ಹತ್ರ. ನಾಡಿ ಸ್ವಲ್ಪ ಜೋರಾಗಿದೆ ಅಷ್ಟೆ," ಎಂದ.

"ಮನೇಲಿ ನನ್ನ ಕಣ್ಣೆದುರಿಗೇ ಮಲಗಿಸಿದೀವಿ ಅವಳನ್ನ."

"ಇರಬಹುದು. ಸಿಸ್ಟಂ ಒಪ್ಪಬೇಕಲ್ಲ? ಸರ್ಟಿಫಿಕೇಟ್ ಕಳಿಸಿ, ನೋಡೋಣ."

ಸಂಜೆ ಸತ್ತವಳ ಫೋನಿಗೆ ಸಂದೇಶ ಬಂತು: ನಿಮ್ಮ ನಾಡಿ ಜೋರಾಗಿದೆ, ದಯವಿಟ್ಟು ಕುಳಿತು ನೀರು ಕುಡಿಯಿರಿ.

ಅವಳು ಊರಿಗೆ ನೀರು ಕೊಡುವ ಆ ಪಂಪ್‌ಹೌಸಿನಲ್ಲಿ ಮೂವತ್ತೊಂದು ವರ್ಷ ಫಿಟ್ಟರ್ ಆಗಿದ್ದಳು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲಿಟ್ಟು, ಹಿಡಿಯನ್ನು ಕಿವಿಗೊತ್ತಿ, ಒಳಗಿನ ಉಕ್ಕಿನ ಗುಂಡುಗಳು ನುಣ್ಣಗೆ ಉರುಳುತ್ತಿವೆಯೋ ಕರಕರ ಎನ್ನುತ್ತಿವೆಯೋ ಎಂದು ಕೇಳುತ್ತಿದ್ದಳು. ಹೆಸರು ಬಂದದ್ದು ಹಾಗೆ. ಮದುವೆಯ ಮಾತೆತ್ತಿದವರಿಗೆ, "ಐದು ಪಂಪ್ ಗೊಣಗೋದು ಕೇಳ್ತೀನಿ, ಆರನೇದು ಬೇಡ," ಎನ್ನುತ್ತಿದ್ದಳು.

ಎರಡು ವರ್ಷದ ಹಿಂದೆ ಪ್ರತಿ ಪಂಪಿಗೂ ಬೆಂಕಿಪೊಟ್ಟಣದಷ್ಟು ಗಾತ್ರದ ಸೆನ್ಸರ್ ಅಂಟಿಸಿದರು. ಅದು ಪಂಪಿನ ಬಿಸಿ, ನಡುಕ, ಒತ್ತಡಗಳನ್ನು ಕ್ಷಣಕ್ಷಣಕ್ಕೂ ಮೇಲಿನ ಕೋಣೆಗೆ ಕಳಿಸುತ್ತಿತ್ತು. ಅಲ್ಲಿ ಪರದೆಯೊಳಗೆ ಪ್ರತಿ ಪಂಪಿಗೂ ಒಂದು ಡಿಜಿಟಲ್ ಅವಳಿ. ಕೆಳಗೆ ಪಂಪು ನಡುಗಿದರೆ ಮೇಲೆ ಅವಳಿಯೂ ನಡುಗಬೇಕು, ಯಾವ ಬೇರಿಂಗು ಇನ್ನೆಷ್ಟು ದಿನ ಬಾಳುತ್ತದೆಂದು ಮುಂಚೆಯೇ ಹೇಳಬೇಕು. ಅದು ಆಸ್ಪತ್ರೆಯ, ಐಸ್ ಫ್ಯಾಕ್ಟರಿಯ ಡಿಜಿಟಲ್ ಅವಳಿಗಳಿಗೂ ಸುದ್ದಿ ಮುಟ್ಟಿಸುತ್ತಿತ್ತು. ನೀರು ಕಡಿಮೆಯಾಗುವ ಲಕ್ಷಣ ಕಂಡರೆ ಆಸ್ಪತ್ರೆ ಮೊದಲೇ ತನ್ನ ಟ್ಯಾಂಕು ತುಂಬಿಸಿಕೊಳ್ಳುತ್ತಿತ್ತು, ಐಸ್ ಫ್ಯಾಕ್ಟರಿ ಒಂದು ಯಂತ್ರ ನಿಲ್ಲಿಸುತ್ತಿತ್ತು. ಕಿವಿಯಕ್ಕನಿಗೆ ಇದು ಹಿಡಿಸಿತ್ತು. "ನನಗೆ ಎರಡು ಕಿವಿ, ಇದಕ್ಕೆ ನಲವತ್ತು. ಹೊಟ್ಟೆಕಿಚ್ಚು ಪಟ್ಟು ಏನು ಮಾಡ್ಲಿ?" ಆಮೇಲೆ ಕೆಲಸಗಾರರ ಕೈಗೂ ಪಟ್ಟಿ ಬಂತು. ಯಾರು ಎಲ್ಲಿದ್ದಾರೆ, ನಾಡಿ ಎಷ್ಟು ಎಂದು ಅದು ಹೇಳುತ್ತಿತ್ತು. ನಾಡಿ ಮಿತಿ ಮೀರಿದರೆ ಮೇಲಿನವರು ಕೆಳಗಿಳಿದು ಬಂದು ನೋಡಬೇಕೆಂಬುದು ನಿಯಮ.

ಹೇಸಿಗೆ ಶುರುವಾದದ್ದು ಬಣ್ಣ ಬಳಿದ ಮೇಲೆ. ದೊಡ್ಡವರು ಯಾರೋ ನೋಡಲು ಬರುತ್ತಾರೆಂದು ಪಂಪುಗಳಿಗೆಲ್ಲ ನೀಲಿ ಬಣ್ಣ ಹೊಡೆಸಿದರು. ಸೆನ್ಸರುಗಳನ್ನು ಕಿತ್ತು, ಒಣಗಿದ ಮೇಲೆ ಮತ್ತೆ ಅಂಟಿಸಿ ಸೀಲು ಹಾಕಿದರು. ಮುಟ್ಟಿದವರ ಕೆಲಸ ಹೋಗುತ್ತದೆ ಎಂದರು. ವಾರದೊಳಗೆ ಪರದೆಯಲ್ಲಿ ನಾಲ್ಕನೇ ಪಂಪು ಕೆಂಪಾಯಿತು. ಬಿಚ್ಚಿ ಬೇರಿಂಗ್ ಬದಲಿಸಿದರು. ತೆಗೆದದ್ದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮತ್ತೆ ಕೆಂಪು. ಮತ್ತೆ ಬಿಚ್ಚಿದರು. ಕಿವಿಯಕ್ಕ ಸ್ಕ್ರೂಡ್ರೈವರನ್ನು ಪಕ್ಕದ ಮೂರನೆಯದರ ಮೇಲಿಟ್ಟಳು. ಜಲ್ಲಿ ಅಗಿದ ಸದ್ದು.

ಕಿವಿಯಕ್ಕನಿಗೆ ತಕ್ಷಣ ಹೊಳೆಯಿತು. ಅವಳೂ ತಂಗಿಯೂ ಅವಳಿಜವಳಿ. ಗುರುತಿಗೆಂದು ಅಮ್ಮ ಇವಳಿಗೆ ಕೆಂಪು ರಿಬ್ಬನ್, ತಂಗಿಗೆ ಬಿಳಿ ರಿಬ್ಬನ್ ಕಟ್ಟುತ್ತಿದ್ದಳು. ನಾಲ್ಕು ವರ್ಷದವರಿದ್ದಾಗ ತಂಗಿಗೆ ಜ್ವರ ಬಂತು. ಸ್ನಾನದ ನಂತರ ರಿಬ್ಬನ್ ಅದಲುಬದಲಾಗಿ, ಅಮ್ಮ ದಿನವಿಡೀ ಔಷಧಿಯನ್ನು ಇವಳ ಗಂಟಲಿಗೆ ಸುರಿದಳು. "ನಾನಲ್ಲಮ್ಮ" ಎಂದು ಅತ್ತರೆ "ಹಟ ಮಾಡಬೇಡ" ಎಂದು ಗದರಿದಳು. ಸಂಜೆ ಚಿಕ್ಕಮ್ಮ ಬಂದು ಇಬ್ಬರ ಹಣೆಯನ್ನೂ ಮುಟ್ಟಿ ನೋಡಿದ ಮೇಲೆ ಗೊತ್ತಾಯಿತು. ಆ ಕಹಿ ಐವತ್ತು ವರ್ಷವಾದರೂ ಅವಳ ನಾಲಿಗೆಯಿಂದ ಹೋಗಿರಲಿಲ್ಲ.

ಮೇಲಿನ ಕೋಣೆಗೆ ಹೋಗಿ ಎಂಜಿನಿಯರಿಗೆ ಹೇಳಿದಳು. "ಸರ್, ಮೂರರದ್ದು ನಾಲ್ಕಕ್ಕೆ ಅಂಟಿಸಿದಾರೆ, ನಾಲ್ಕರದ್ದು ಮೂರಕ್ಕೆ. ಒಂದ್ಸಲ ಬಂದು ಕೈಯಿಟ್ಟು ನೋಡಿ."

ಅವನು ಮೆತ್ತನೆಯ ಬಟ್ಟೆಯಿಂದ ಪರದೆ ಒರೆಸುತ್ತಿದ್ದ. ನಾಲ್ಕು ತಿಂಗಳಿಂದ ಕೆಳಗಿಳಿದಿರಲಿಲ್ಲ. ಎಣ್ಣೆಯ ವಾಸನೆ ಅವನಿಗೆ ಆಗುತ್ತಿರಲಿಲ್ಲ. "ಅಕ್ಕಾ, ಕೈಯಿಟ್ಟು ನೋಡೋದಾದ್ರೆ ಇದೆಲ್ಲ ಯಾಕೆ ಹಾಕಿಸ್ತಿದ್ವಿ?"

"ನಲವತ್ತೆರಡೇ ಮೆಟ್ಟಿಲು, ಸರ್."

"ಬರೆದು ಕೊಡಿ."

ಮೂರು ಸಲ ಬರೆದು ಕೊಟ್ಟಳು. ಮೂರು ಸಲವೂ ಅದೇ ಉತ್ತರ: ಸಲಹೆ ಸ್ವೀಕರಿಸಲಾಗಿದೆ. ದೊಡ್ಡವರು ಬರುವ ಹಿಂದಿನ ದಿನ ಎಂಜಿನಿಯರ್ ಕುಳಿತಲ್ಲೇ ನಾಲ್ಕನೇ ಪಂಪಿನ ಅಪಾಯದ ಮಿತಿಯನ್ನು ಏರಿಸಿದ. ಕೆಂಪು ಹಸಿರಾಯಿತು. ಬಂದವರು ಬಿಸ್ಕತ್ತು ತಿಂದು ಹೊಗಳಿ ಹೋದರು. ಅಲ್ಲಿ ಹಸಿರಾದ್ದರಿಂದ ಆಸ್ಪತ್ರೆಯ ಪರದೆಯೂ ಹಸಿರಾಯಿತು. ಯಾವ ಪಂಪು ಕೆಂಪಾದರೂ ಟ್ಯಾಂಕು ತುಂಬಿಸಿಕೊಳ್ಳುತ್ತಿದ್ದ ಆಸ್ಪತ್ರೆಯವರು ಅದನ್ನು ನಿಲ್ಲಿಸಿದರು. ಆಸ್ಪತ್ರೆಗೆ ನೀರು ಹೋಗುತ್ತಿದ್ದದ್ದು ಮೂರನೇ ಪಂಪಿನಿಂದ. ಅಲ್ಲಿ ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರಕ್ಕೆ ಕೈಕೊಟ್ಟು ಮಲಗುತ್ತಿದ್ದವರಲ್ಲಿ ತಂಗಿಯೂ ಒಬ್ಬಳು. ನೀರು ನಿಂತರೆ ಆ ಯಂತ್ರವೂ ನಿಂತಂತೆ.

"ಒಬ್ಬರ ಎಂಜಲನ್ನ ಇನ್ನೊಬ್ಬರು ನೆಕ್ಕಿ ರುಚಿಯಾಗಿದೆ ಅಂತಿದಾರೆ ಕಣೇ," ಎಂದು ಕಿವಿಯಕ್ಕ ಭಾನುವಾರ ತಂಗಿಯ ಮುಂದೆ ಹೇಳಿದಳು. ತಟ್ಟೆಯಲ್ಲಿದ್ದದ್ದು ಹಾಗೇ ಉಳಿಯಿತು.

ಗುರುವಾರ ಎಂಜಿನಿಯರ್ ಕೊನೆಗೂ ಕೆಳಗಿಳಿದ. ಅವಳು ಸತ್ತಳೆಂದಲ್ಲ. ಮೂರು ದಿನದಿಂದ ಒಂದೇ ಕಡೆ ನಿಂತ ಕೆಲಸಗಾರ್ತಿಯಿಂದ ತಿಂಗಳ ವರದಿ ಕೆಡುತ್ತದೆಂದು ಗದರಿಸಲು ಹೋದ. ಅಲ್ಲಿ ಯಾರೂ ಇರಲಿಲ್ಲ. ಮೂರನೇ ಪಂಪಿಗೆ ಕಟ್ಟಿದ್ದ ಅವಳ ಕೈಪಟ್ಟಿ ಮಾತ್ರ ಇತ್ತು. ಬಿಚ್ಚಲು ಹೋದವನ ಬೆರಳು ಸುಟ್ಟಿತು. ಪಂಪು ನಿಲ್ಲಿಸಿ ಬಿಚ್ಚಿದಾಗ ಬೇರಿಂಗಿನ ಗುಂಡುಗಳು ಸುಟ್ಟು ನೀಲಿಯಾಗಿದ್ದವು. ನಿಲ್ಲಿಸುವ ಮೊದಲು ಆಸ್ಪತ್ರೆಗೆ ಹೇಳಿ ಟ್ಯಾಂಕು ತುಂಬಿಸಿದ್ದರು. ಶುಕ್ರವಾರ ತಂಗಿಯ ಯಂತ್ರ ನಿಲ್ಲಲಿಲ್ಲ. ವರದಿಯಲ್ಲಿ, ಡಿಜಿಟಲ್ ಅವಳಿ ದೋಷವನ್ನು ಸಕಾಲದಲ್ಲಿ ಪತ್ತೆ ಹಚ್ಚಿತು ಎಂದು ಬರೆದರು. ಕಿವಿಯಕ್ಕನ ಕಡತದಲ್ಲಿ ಬರೆದದ್ದು ಇಷ್ಟು: ಕೈಪಟ್ಟಿಯ ದುರುಪಯೋಗ.

ಸಾಯುವ ಹಿಂದಿನ ದಿನ, ಸೋಮವಾರ, ಪಾಳಿ ಮುಗಿದಾಗ ಅವಳು ಸ್ಕ್ರೂಡ್ರೈವರನ್ನು ಒರೆಸಿ ಮೊಳೆಗೆ ತೂಗುಹಾಕಿದಳು. ಮೂರನೇ ಪಂಪಿನ ಮೇಲೆ ಅಂಗೈಯ ಹಿಂಬದಿ ಇಟ್ಟು ನೋಡಿದಳು. ಪಂಪಿನ ಮಾತು ಕೇಳದವರು ಮನುಷ್ಯಳ ನಾಡಿಗಾದರೂ ಓಡಿ ಬಂದಾರು ಎಂದು ಕೈಪಟ್ಟಿ ಬಿಚ್ಚಿದಳು. ಬೇರಿಂಗಿನ ಸುತ್ತಳತೆಗೆ ಅದು ಸಾಲಲಿಲ್ಲ. ಒಂದು ತುಂಡು ತಂತಿ ಸೇರಿಸಿ ಬಿಗಿದಳು. ಪಟ್ಟಿ ಪಂಪಿನ ನಡುಕವನ್ನೇ ನಾಡಿಯೆಂದು ಎಣಿಸಿ ನೂರ ತೊಂಬತ್ತು ಎಂದು ತೋರಿಸಿತು. ಅವಳು ತಂತಿಯ ತುದಿಯನ್ನು ಇಕ್ಕಳದಿಂದ ಇನ್ನೊಂದು ಸುತ್ತು ತಿರುಗಿಸಿ, ಬರುವವರ ಕೈಗೆ ಚುಚ್ಚದ ಹಾಗೆ ಒಳಕ್ಕೆ ಮಡಿಸಿದಳು.